ಕಪ್ ಒಂದೇ ಮನೆ ಸೇರುತ್ತಿದ್ದರೆ ನೋಡುವುದು ಯಾತಕ್ಕೆ? ಅಮೆರಿಕದ ಕಾಲೇಜು ಆಟಗಳಲ್ಲಿ ನಿಮ್ಮದು ಯಾವುದು?

"ಮಗಳು ಅಮೆರಿಕದಲ್ಲಿ ಕಾಲೇಜು ಸೇರಿದ್ದಾಳೆ. ಫೋನ್ ಮಾಡಿದರೆ ಸಾಕು, ಮ್ಯಾಚಿನ ಮಾತೇ. ನಾವೂ ಒಂದು ಆಟ ಹಿಡಿದು ನೋಡೋಣ ಅಂದುಕೊಂಡಿದ್ದೇವೆ. ಆದರೆ ಅಲ್ಲಿ ವರ್ಷಾ ವರ್ಷಾ ಅದೇ ತಂಡಗಳು ಗೆಲ್ಲುತ್ತವಂತಲ್ಲ. ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ನಿದ್ದೆಗೆಟ್ಟು ಏನು ನೋಡುವುದು?"

ಒಂದಷ್ಟು ವರ್ಷ ಅಲ್ಲಿದ್ದು ಬಂದವನು ಅನ್ನುವ ಒಂದೇ ಕಾರಣಕ್ಕೆ ಈ ಪ್ರಶ್ನೆ ನನ್ನ ಬಳಿ ಬರುತ್ತಲೇ ಇರುತ್ತದೆ. ಕೆಲವರು ಇಲ್ಲೇ ಮನೆಯಲ್ಲಿ ಕೂತು ನೋಡುವವರು. ಕೆಲವರು ಅಲ್ಲೇ ಇದ್ದಾರೆ, ವೀಕೆಂಡಿಗೆ ಟಿಕೆಟ್ ತೆಗೆಯಬೇಕಾ ಬೇಡವಾ ಅನ್ನುವ ಯೋಚನೆ ಅವರದು. ಅನುಮಾನ ಮಾತ್ರ ಎಲ್ಲರದ್ದೂ ಒಂದೇ. ಹೀಗೆ ಬಿಡದೆ ಗೆಲ್ಲುವ ತಂಡಕ್ಕೆ ಅಲ್ಲಿನವರು ಡೈನಾಸ್ಟಿ ಅನ್ನುತ್ತಾರೆ, ಅಂದರೆ ರಾಜಮನೆತನ. ಇಂಥವರ ದರ್ಬಾರಿನಲ್ಲಿ ಆಟಕ್ಕೆ ರುಚಿ ಉಳಿಯುತ್ತದಾ?

ಇದು ನಮಗೆ ಹೊಸ ಅನುಭವವೇನಲ್ಲ. 1958-59ರಿಂದ 1972-73ರವರೆಗೆ ರಣಜಿ ಟ್ರೋಫಿಯನ್ನು ಬಾಂಬೆ ಸತತ 15 ಸಲ ಗೆದ್ದಿತು. ಹದಿನೈದು! 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನ ಅವರ ಎಸೆತಕ್ಕೆ ಗವಾಸ್ಕರ್ ಬೌಲ್ಡ್ ಆದರು. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕರ್ನಾಟಕ ಆ ಮ್ಯಾಚ್ ಗೆದ್ದಿತು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಕಪ್ ಎತ್ತಿತು. ಆ ಮ್ಯಾಚನ್ನು ನೋಡಿದ ಹಿರಿಯರು ಈಗಲೂ ಆ ಎಸೆತದ ಕಥೆಯನ್ನು ಕೈ ತಿರುಗಿಸಿ ತೋರಿಸಿಕೊಂಡೇ ಹೇಳುತ್ತಾರೆ. ಬಾಂಬೆ ಅಷ್ಟು ವರ್ಷ ಗೆಲ್ಲದೇ ಇದ್ದಿದ್ದರೆ ಆ ಒಂದು ಎಸೆತಕ್ಕೆ ಇಷ್ಟು ಬೆಲೆ ಇರುತ್ತಿತ್ತಾ? ಇದು ಒಂದು ಕಡೆ. ಆ 15 ವರ್ಷದಲ್ಲಿ ಉಳಿದ ರಾಜ್ಯಗಳ ಎಷ್ಟೋ ಒಳ್ಳೆಯ ಆಟಗಾರರು ಕಪ್ ಮುಟ್ಟದೆಯೇ ಆಟ ಬಿಟ್ಟರು. ಅದು ಇನ್ನೊಂದು ಕಡೆ. ಎರಡನ್ನೂ ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಅಳೆಯುವುದು ಹೇಗೆ

ಮೊದಲು ಒಂದು ವಿಷಯ. ಐಪಿಎಲ್‌ನಲ್ಲಿ ಹರಾಜಿದೆ, ಎಲ್ಲರಿಗೂ ಒಂದೇ ಅಳತೆಯ ಪರ್ಸ್ ಇದೆ. ಅಮೆರಿಕದ ವೃತ್ತಿಪರ ಲೀಗುಗಳಲ್ಲಿ ಹಿಂದುಳಿದ ತಂಡಗಳಿಗೆ ಹೊಸ ಆಟಗಾರರನ್ನು ಮೊದಲು ಆರಿಸುವ ಅವಕಾಶ ಇರುತ್ತದೆ. ಕಾಲೇಜಿನಲ್ಲಿ ಹರಾಜೂ ಇಲ್ಲ, ಹೀಗೆ ಆರಿಸುವ ಸರದಿಯೂ ಇಲ್ಲ. ಹೈಸ್ಕೂಲು ಮುಗಿಸಿದ ಹುಡುಗನೋ ಹುಡುಗಿಯೋ ತನಗೆ ಬೇಕಾದ ಕಾಲೇಜನ್ನು ತಾನೇ ಆರಿಸಿಕೊಳ್ಳುತ್ತಾನೆ, ಆರಿಸಿಕೊಳ್ಳುತ್ತಾಳೆ. ಸಹಜವಾಗಿ ಗೆಲ್ಲುವ ಕಡೆಗೇ ಕಾಲು ಎಳೆಯುತ್ತದೆ. ಒಳ್ಳೆಯವರು ಬಂದರೆ ಮತ್ತೆ ಗೆಲುವು, ಗೆದ್ದರೆ ಮತ್ತೆ ಒಳ್ಳೆಯವರು. ದುಡ್ಡಿದ್ದವರ ಮನೆಗೇ ದುಡ್ಡು ಹೋಗುವ ಹಾಗೆ.

ಹಾಗಾಗಿ ನಾನು ನೋಡುವುದು ಐದು ವಿಷಯ. ಕಪ್ ಎಷ್ಟು ಮನೆ ಸುತ್ತುತ್ತದೆ? ಒಂದು ದಿನದ ಮಟ್ಟಿಗಾದರೂ ಸಣ್ಣ ತಂಡಕ್ಕೆ ಗೆಲ್ಲುವ ದಾರಿ ಇದೆಯಾ? ಒಳ್ಳೆಯ ಆಟಗಾರ ಒಂದೇ ಕಡೆ ಎಷ್ಟು ವರ್ಷ ನಿಲ್ಲುತ್ತಾನೆ? ದೊಡ್ಡ ತಂಡ ಉಳಿದವರನ್ನು ಮೇಲೆ ಎಳೆಯುತ್ತದಾ, ಅದುಮಿ ಹಾಕುತ್ತದಾ? ಕೊನೆಯದು ನಿಮ್ಮ ನಿದ್ದೆ ಮತ್ತು ಜೇಬು.

ಇವುಗಳಲ್ಲಿ ಮೂರನೆಯದೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಪೇಪರಿನವರು ಮೊದಲನೆಯದನ್ನೇ ಎಣಿಸುತ್ತಾ ಕೂರುತ್ತಾರೆ. ಆದರೆ ಡೈನಾಸ್ಟಿ ಹುಟ್ಟುವುದೂ ಸಾಯುವುದೂ ಮೂರನೆಯದರಿಂದ.

ಪುರುಷರ ಬ್ಯಾಸ್ಕೆಟ್‌ಬಾಲ್: ಯಾರು ಯಾವಾಗ ಬೀಳುತ್ತಾರೋ ಹೇಳಲಾಗದು

ಕಾಲೇಜು ಆಟಗಳ ಅತಿ ದೊಡ್ಡ ರಾಜಮನೆತನ ಬೆಳೆದಿದ್ದು ಇಲ್ಲಿಯೇ. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ತಂಡ ಕೋಚ್ ಜಾನ್ ವುಡನ್ ಕೈಯಲ್ಲಿ 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ಸಲ ಚಾಂಪಿಯನ್ ಆಯಿತು. ಅದರಲ್ಲಿ 1967ರಿಂದ 1973ರವರೆಗೆ ಸತತ 7. ಲ್ಯೂ ಅಲ್ಸಿಂಡರ್ ಅಲ್ಲಿ ಆಡುತ್ತಿದ್ದರು. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದವರು ಅವರೇ. 1967ರಲ್ಲಿ ಚೆಂಡನ್ನು ಮೇಲಿನಿಂದ ಬುಟ್ಟಿಗೆ ಗುದ್ದುವ ಡಂಕ್ ಅನ್ನೇ ನಿಷೇಧಿಸಿದರು. ಈ ಎತ್ತರದ ಹುಡುಗನಿಗಾಗಿಯೇ ನಿಯಮ ಬಂತು ಅಂತ ಆಗ ಬಹಳ ಜನ ಅಂದುಕೊಂಡರು. ಅದರಿಂದ ಏನೂ ಪ್ರಯೋಜನ ಆಗಲಿಲ್ಲ. 1968, 1969 ಎರಡೂ ಅವರದೇ.

ಆ ತಂಡ ಸತತ 88 ಪಂದ್ಯ ಗೆದ್ದಿತ್ತು. 1974ರ ಜನವರಿ 19ರಂದು ನೋಟರ್ ಡೇಮ್ ಎದುರು ಕೊನೆಯ ಮೂರೂವರೆ ನಿಮಿಷ ಇದ್ದಾಗ 11 ಅಂಕ ಮುಂದಿತ್ತು. ನೋಟರ್ ಡೇಮ್ ಸತತ 12 ಅಂಕ ಗಳಿಸಿ 71-70ರಲ್ಲಿ ಗೆದ್ದೇಬಿಟ್ಟಿತು. ಬಾಂಬೆ ಬೆಂಗಳೂರಿನಲ್ಲಿ ಸೋತ ವರ್ಷವೂ ಅದೇ! ಕಾಕತಾಳೀಯ, ಅಷ್ಟೇ. ಆದರೆ ನನಗೆ ಇದನ್ನು ಹೇಳದೆ ಇರಲು ಆಗುವುದಿಲ್ಲ.

ಆಮೇಲೆ ಅಂಥದ್ದು ಮತ್ತೆ ಬರಲಿಲ್ಲ. ಯಾಕೆ? 1975ರವರೆಗೆ ಒಂದು ಕಾನ್ಫರೆನ್ಸಿನಿಂದ, ಅಂದರೆ ಒಂದು ಗುಂಪಿನಿಂದ, ಒಂದೇ ತಂಡಕ್ಕೆ ರಾಷ್ಟ್ರೀಯ ಟೂರ್ನಿಯಲ್ಲಿ ಜಾಗ ಇತ್ತು. ಆ ವರ್ಷ 32 ತಂಡಗಳಿಗೆ ಹಿಗ್ಗಿಸಿ, ಎರಡನೇ ತಂಡಕ್ಕೂ ಬಾಗಿಲು ತೆರೆದರು. 1985ರಲ್ಲಿ 64, 2011ರಿಂದ 68. ಒಂದು ಸೋತರೆ ಮನೆಗೆ. ಕಪ್ ಬೇಕೆಂದರೆ ಮೂರು ವಾರದಲ್ಲಿ ಸತತ 6 ಪಂದ್ಯ ಗೆಲ್ಲಬೇಕು. ಒಂದು ದಿನ ಕೈ ಕೊಟ್ಟರೆ ಮುಗಿಯಿತು. 2018ರಲ್ಲಿ ಅಗ್ರ ಶ್ರೇಯಾಂಕದ ವರ್ಜೀನಿಯಾವನ್ನು ಯುಎಂಬಿಸಿ ಎಂಬ ಯಾರೂ ಕೇಳಿರದ ತಂಡ 74-54ರಲ್ಲಿ ಹೊರಗೆ ಹಾಕಿತು. 20 ಅಂಕಗಳ ಅಂತರ! ಮರುವರ್ಷ ಅದೇ ವರ್ಜೀನಿಯಾ ಚಾಂಪಿಯನ್. 2023ರಲ್ಲಿ ಅಗ್ರ ಶ್ರೇಯಾಂಕದ ಪರ್ಡ್ಯೂ ಕೂಡ ಹೀಗೇ ಮೊದಲ ಸುತ್ತಿನಲ್ಲೇ ಹೊರಬಿತ್ತು.

ಇನ್ನೊಂದು ಕಾರಣ ಮೂರನೇ ಅಳತೆಗೆ ಸೇರಿದ್ದು. 2006ರಿಂದ ಪುರುಷರ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಹೋಗಲು ಹೈಸ್ಕೂಲು ಮುಗಿದು ಒಂದು ವರ್ಷ ಆಗಿರಬೇಕು, ಅಷ್ಟೇ. ಅತಿ ಪ್ರತಿಭಾವಂತರು ಕಾಲೇಜಿನಲ್ಲಿ ಒಂದು ಸೀಸನ್ ಆಡಿ ಹೊರಟುಬಿಡುತ್ತಾರೆ. ಅರಮನೆ ಕಟ್ಟುವಷ್ಟರಲ್ಲಿ ಕಂಬಗಳೇ ಎದ್ದು ಹೋದರೆ ಹೇಗೆ? 2023 ಮತ್ತು 2024ರಲ್ಲಿ ಕನೆಕ್ಟಿಕಟ್‌ನ ಯುಕಾನ್ ಸತತ ಎರಡು ಗೆದ್ದಿದ್ದೇ ದೊಡ್ಡ ಸುದ್ದಿಯಾಯಿತು. ಅದಕ್ಕೆ ಮುಂಚೆ ಸತತ ಎರಡು ಗೆದ್ದಿದ್ದು 2006, 2007ರಲ್ಲಿ ಫ್ಲಾರಿಡಾ.

ಒಂದು ಎಚ್ಚರಿಕೆಯ ಮಾತು. ಟೂರ್ನಿಯ ನಾಲ್ಕು ವಿಭಾಗಗಳಿಗೂ ಒಂದೊಂದು ಅಗ್ರ ಶ್ರೇಯಾಂಕದ ತಂಡ ಇರುತ್ತದೆ; 2025ರಲ್ಲಿ ಕೊನೆಯ ನಾಲ್ಕಕ್ಕೆ ಬಂದಿದ್ದು ಆ ನಾಲ್ಕೇ. ಕೊನೆಯ ಹದಿನಾರರಲ್ಲಿ ಸಣ್ಣ ಕಾನ್ಫರೆನ್ಸಿನ ಒಂದು ತಂಡವೂ ಇರಲಿಲ್ಲ. ಆಟಗಾರರಿಗೆ ದುಡ್ಡು ಕೊಡುವುದು ಶುರುವಾದ ಮೇಲೆ, ಸಣ್ಣ ಕಾಲೇಜಿನಲ್ಲಿ ಮಿಂಚಿದ ಹುಡುಗನನ್ನು ಮರುವರ್ಷವೇ ದೊಡ್ಡ ಕಾಲೇಜು ಎತ್ತಿಕೊಂಡು ಹೋಗುತ್ತದೆ. ಒಬ್ಬ ರಾಜನ ಜಾಗಕ್ಕೆ ಇಪ್ಪತ್ತು ಪಾಳೇಗಾರರು ಬಂದ ಹಾಗೆ. ಕಪ್ ಸುತ್ತುತ್ತದೆ, ಆದರೆ ಅದೇ ಬೀದಿಯಲ್ಲಿ.

ಮಹಿಳೆಯರ ಬ್ಯಾಸ್ಕೆಟ್‌ಬಾಲ್: ರಾಣಿಯರ ಸುದೀರ್ಘ ಆಳ್ವಿಕೆ

ಅದೇ ಆಟ, ಅದೇ ಅಂಕಣ. ಆದರೂ ಕಥೆಯೇ ಬೇರೆ. ಯುಕಾನ್ ಮಹಿಳಾ ತಂಡಕ್ಕೆ ಜಿನೋ ಔರಿಯೆಮ್ಮಾ 1985ರಿಂದ ಕೋಚ್. 1995ರಿಂದ 2025ರೊಳಗೆ 12 ಚಾಂಪಿಯನ್‌ಶಿಪ್. 2013ರಿಂದ 2016ರವರೆಗೆ ಸತತ ನಾಲ್ಕು. ಬ್ರಿಯಾನ್ನಾ ಸ್ಟೀವರ್ಟ್ ಕಾಲೇಜಿನಲ್ಲಿದ್ದ ನಾಲ್ಕೂ ವರ್ಷ ಕಪ್ ಎತ್ತಿದರು.

ಕಾರಣ ಸಿಕ್ಕಿತಲ್ವಾ? ಮಹಿಳೆಯರ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎಗೆ ಹೋಗಲು ಅಮೆರಿಕದ ಆಟಗಾರ್ತಿಗೆ ಆ ವರ್ಷ 22 ತುಂಬುತ್ತಿರಬೇಕು, ಇಲ್ಲವೇ ಡಿಗ್ರಿ ಮುಗಿದಿರಬೇಕು. ಅಂದರೆ ಪ್ರತಿಭೆ ಮೂರು ನಾಲ್ಕು ವರ್ಷ ಒಂದೇ ಕಡೆ ನಿಲ್ಲುತ್ತದೆ. ಹುಡುಗರ ತಂಡದಲ್ಲಿ ವರ್ಷಕ್ಕೊಮ್ಮೆ ಮನೆ ಖಾಲಿ. ಹುಡುಗಿಯರ ತಂಡದಲ್ಲಿ ನಾಲ್ಕು ವರ್ಷ ಒಟ್ಟಿಗೆ ಆಡಿ, ಒಬ್ಬಳ ಕಣ್ಣು ಇನ್ನೊಬ್ಬಳಿಗೆ ಅರ್ಥವಾಗುವಷ್ಟು ಪಳಗಿರುತ್ತಾರೆ. ಆಟದ ಸೊಬಗು ಬೇಕಾದವರಿಗೆ ಇದೇ ಜಾಸ್ತಿ ಇಷ್ಟ ಆಗಬಹುದು. ನನಗಂತೂ ಆಗಿದೆ.

2016ರ ಟೂರ್ನಿಯಲ್ಲಿ ಯುಕಾನ್ ಮಿಸಿಸಿಪಿ ಸ್ಟೇಟ್ ತಂಡವನ್ನು 98-38ರಲ್ಲಿ ಜಜ್ಜಿತು. ಈ ತಂಡ ಮಹಿಳಾ ಆಟವನ್ನೇ ಸಾಯಿಸುತ್ತಿದೆ ಎಂದು ಬಾಸ್ಟನ್‌ನ ಅಂಕಣಕಾರರೊಬ್ಬರು ಬರೆದರು. ಬೇಡದಿದ್ದರೆ ನೋಡಬೇಡಿ ಅನ್ನುವ ಧಾಟಿಯಲ್ಲಿ ಜಿನೋ ಉತ್ತರ ಕೊಟ್ಟರು. ನಿಜಕ್ಕೂ 60 ಅಂಕಗಳ ಅಂತರದ ಪಂದ್ಯ ನೋಡುವುದು ಹಿಂಸೆ. ಅದನ್ನು ಮುಚ್ಚಿಡುವುದಿಲ್ಲ.

ಮುಂದಿನ ವರ್ಷ ಏನಾಯಿತು ನೋಡಿ. ಯುಕಾನ್ ಸತತ 111 ಪಂದ್ಯ ಗೆದ್ದು ಸೆಮಿಫೈನಲ್‌ಗೆ ಬಂದಿತ್ತು. ಎದುರಿಗೆ ಅದೇ ಮಿಸಿಸಿಪಿ ಸ್ಟೇಟ್. ಹೆಚ್ಚುವರಿ ಅವಧಿಯ ಕೊನೇ ಕ್ಷಣದಲ್ಲಿ, ತಂಡದ ಪುಟ್ಟ ಆಟಗಾರ್ತಿ ಮಾರ್ಗನ್ ವಿಲಿಯಂ ಎಸೆದ ಚೆಂಡು ಬುಟ್ಟಿಗೆ ಬಿತ್ತು. 66-64. ವರ್ಷದ ಹಿಂದೆ 60 ಅಂಕಗಳಲ್ಲಿ ಸೋತವರು ಒಂದೇ ಎಸೆತದಲ್ಲಿ ಲೆಕ್ಕ ಚುಕ್ತಾ ಮಾಡಿದರು. 2017ರಿಂದ 2024ರವರೆಗೆ ನಡೆದ 7 ಟೂರ್ನಿಗಳಲ್ಲಿ ಸೌತ್ ಕ್ಯಾರೊಲೈನಾ, ನೋಟರ್ ಡೇಮ್, ಬೇಯ್ಲರ್, ಸ್ಟ್ಯಾನ್‌ಫರ್ಡ್, ಎಲ್‌ಎಸ್‌ಯು ಎಂಬ ಐದು ಬೇರೆ ಬೇರೆ ಕಾಲೇಜುಗಳು ಗೆದ್ದವು. ಆ ಅವಧಿಯಲ್ಲಿ ಯುಕಾನ್‌ಗೆ ಒಂದೂ ಸಿಗಲಿಲ್ಲ.

2024ರ ಫೈನಲ್‌ನಲ್ಲಿ ತಾರಾ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಅವರ ಐಯೋವಾ, ಡಾನ್ ಸ್ಟೇಲಿ ತರಬೇತಿಯ ಸೌತ್ ಕ್ಯಾರೊಲೈನಾ ಎದುರು ಸೋತಿತು. ಅದನ್ನು ಟಿವಿಯಲ್ಲಿ ನೋಡಿದವರು ಒಂದು ಕೋಟಿ 80 ಲಕ್ಷಕ್ಕೂ ಹೆಚ್ಚು. ಅದೇ ವರ್ಷದ ಪುರುಷರ ಫೈನಲ್‌ಗೂ ಅಷ್ಟು ಜನ ಇರಲಿಲ್ಲ. ಆಟವನ್ನು ಸಾಯಿಸಿದ್ದರೆ ಇಷ್ಟು ಜನ ಎಲ್ಲಿಂದ ಬರುತ್ತಿದ್ದರು? ಯುಕಾನ್ ಒಂದು ಮಟ್ಟ ತೋರಿಸಿತು. ಉಳಿದ ಕಾಲೇಜುಗಳು ಆ ಮಟ್ಟಕ್ಕೆ ಏರಲು ಒಳ್ಳೆಯ ಕೋಚ್‌ಗಳಿಗೆ, ಸೌಕರ್ಯಕ್ಕೆ ದುಡ್ಡು ಸುರಿದವು. ಏರಲು ಮನಸ್ಸೂ ದುಡ್ಡೂ ಇದ್ದವರಿಗೆ ಮಾತ್ರ ಈ ಮಾತು ಒಪ್ಪುತ್ತದೆ ಅನ್ನುವುದೂ ಸತ್ಯ.

ಫುಟ್‌ಬಾಲ್: ವೈಭವ ಜಾಸ್ತಿ, ಖರ್ಚೂ ಜಾಸ್ತಿ

ಇದು ಕೈಯಲ್ಲಿ ಆಡುವ ಫುಟ್‌ಬಾಲ್, ಗೊತ್ತೇ ಇದೆ. ಮಿಷಿಗನ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಜಾತ್ರೆ ನೋಡುವ ಆಸೆ ಇದ್ದರೆ ಬೇರೇನೂ ಯೋಚಿಸಬೇಡಿ.

ಸ್ಪರ್ಧೆಯ ಲೆಕ್ಕದಲ್ಲಿ ಮಾತ್ರ, ಡೈನಾಸ್ಟಿಗಳು ನಿಜವಾಗಿ ಆಟ ಕೆಡಿಸಿದ್ದು ಇಲ್ಲಿ ಅಂತಲೇ ನನಗೆ ಅನ್ನಿಸುತ್ತದೆ. ನಿಕ್ ಸೇಬನ್ ಕೋಚ್ ಆಗಿದ್ದಾಗ ಅಲಬಾಮಾ 2009ರಿಂದ 2020ರ ಸೀಸನ್‌ವರೆಗೆ 6 ಸಲ ಚಾಂಪಿಯನ್ ಆಯಿತು. ಅದಕ್ಕಿಂತ ಬೇಸರದ ಲೆಕ್ಕ ಇನ್ನೊಂದಿದೆ. 2014ರಿಂದ 2023ರವರೆಗೆ ಪ್ಲೇಆಫ್‌ನಲ್ಲಿ ವರ್ಷಕ್ಕೆ ನಾಲ್ಕೇ ಜಾಗ, ಹತ್ತು ವರ್ಷಕ್ಕೆ 40. ಅದರಲ್ಲಿ ಅಲಬಾಮಾಗೆ 8, ಕ್ಲೆಮ್ಸನ್‌ಗೆ 6, ಒಹಾಯೋ ಸ್ಟೇಟ್‌ಗೆ 5, ಒಕ್ಲಹೋಮಾಗೆ 4. ಆಡುವುದು 130 ಕಾಲೇಜು, ನಾಲ್ಕರ ಪಾಲಿಗೇ 23. ಉಳಿದವರಿಗೆ ಅಕ್ಟೋಬರ್ ಮುಗಿಯುವ ಹೊತ್ತಿಗೆ ಸೀಸನ್ ಮುಗಿದ ಹಾಗೆಯೇ.

ಇದಕ್ಕೂ ಕಾರಣ ಪ್ರತಿಭೆ ಒಂದೇ ಕಡೆ ಕೂರುವುದು. ಒಂದು ತಂಡ 85 ಸ್ಕಾಲರ್‌ಶಿಪ್ ಕೊಡಬಹುದಿತ್ತು. ಬೇರೆಲ್ಲಾದರೂ ನಾಯಕನಾಗಬಹುದಾಗಿದ್ದ ಹುಡುಗ ಅಲಬಾಮಾದ ಬೆಂಚಿನಲ್ಲಿ ಎರಡು ವರ್ಷ ಸುಮ್ನೆ ಕೂತಿರುತ್ತಿದ್ದ. ಕಾಲೇಜು ಬದಲಿಸಿದರೆ ಒಂದು ವರ್ಷ ಆಡುವಂತಿರಲಿಲ್ಲ. ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗಲು ಹೈಸ್ಕೂಲು ಮುಗಿದು ಮೂರು ವರ್ಷ ಆಗಬೇಕು. ಎಲ್ಲಿಗೂ ಹೋಗುವ ಹಾಗಿಲ್ಲ.

2021ರಲ್ಲಿ ಎರಡು ಗೇಟುಗಳು ತೆರೆದವು. ಒಂದು ವರ್ಷ ಕಾಯದೆ ಕಾಲೇಜು ಬದಲಿಸಬಹುದು ಅಂತಾಯಿತು. ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು ಅಂತಲೂ ಆಯಿತು. 2024ರಿಂದ ಪ್ಲೇಆಫ್‌ಗೆ 12 ತಂಡ. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು, ಮೊದಲ ವರ್ಷಕ್ಕೆ ಎಲ್ಲ ಆಟಗಳೂ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ದುಡ್ಡು ಬಂದರೆ ದೊಡ್ಡವರು ಇನ್ನೂ ದೊಡ್ಡವರಾಗುತ್ತಾರೆ ಅಂತ ಎಲ್ಲರೂ ಅಂದರು. ನಾನೂ ಅಂದಿದ್ದೆ.

ಆಗ ಬಂತು ಇಂಡಿಯಾನಾ. ಇತಿಹಾಸದಲ್ಲಿ ಅತಿ ಹೆಚ್ಚು ಸೋಲು ಕಂಡ ತಂಡಗಳ ಪಟ್ಟಿಯಲ್ಲಿ ಮುಂದೆ ನಿಲ್ಲುತ್ತಿದ್ದ ಕಾಲೇಜು ಅದು. 2023ರಲ್ಲಿ 3 ಗೆಲುವು, 9 ಸೋಲು. ಹೊಸ ಕೋಚ್ ಕರ್ಟ್ ಸಿಗ್ನೆಟಿ ತಮ್ಮ ಹಳೆಯ ಸಣ್ಣ ಕಾಲೇಜಿನ ಹುಡುಗರನ್ನೇ ಕರೆತಂದರು, ಬೇರೆ ಕಡೆಯಿಂದಲೂ ಹೆಕ್ಕಿ ತಂದರು. ಎರಡನೇ ಸೀಸನ್‌ನಲ್ಲೇ 16ಕ್ಕೆ 16 ಗೆದ್ದು, 2026ರ ಜನವರಿಯಲ್ಲಿ ಚಾಂಪಿಯನ್. ದಾರಿಯಲ್ಲಿ ಅಲಬಾಮಾವನ್ನು 38-3ರಲ್ಲಿ ಹೊಡೆದಿದ್ದರು. ಬೆಂಚಿನಲ್ಲಿ ಕೂತವನಿಗೆ ಎದ್ದು ಹೋಗುವ ಸ್ವಾತಂತ್ರ್ಯ ಸಿಕ್ಕರೆ ಡೈನಾಸ್ಟಿಯ ಅಡಿಪಾಯವೇ ಅಲುಗಾಡುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಣ್ಣವರಿಗೆ ಏಟು ಕೊಟ್ಟ ನಿಯಮವೇ ಇಲ್ಲಿ ಮಧ್ಯಮ ವರ್ಗದವರನ್ನು ಎತ್ತಿತು. ಇನ್ನೊಂದೆರಡು ವರ್ಷ ಇದು ಹೀಗೇ ಇದ್ದರೆ ಫುಟ್‌ಬಾಲ್ ಬಗ್ಗೆ ನನ್ನ ದೂರು ವಾಪಸ್ ತೆಗೆದುಕೊಳ್ಳುತ್ತೇನೆ.

ಕುಸ್ತಿ: ತಂಡ ಗೊತ್ತು, ಪೈಲ್ವಾನ ಗೊತ್ತಿಲ್ಲ

ಇದನ್ನು ಯಾರೂ ಕೇಳುವುದಿಲ್ಲ, ನಾನೇ ಮೇಲೆ ಬಿದ್ದು ಹೇಳುತ್ತೇನೆ. ಗರಡಿ ಮನೆ, ಮೈಸೂರು ದಸರಾ ಕುಸ್ತಿ ಕಂಡ ನಮಗೆ ಪಟ್ಟುಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಿಯಮ ಬೇರೆ, ಮಣ್ಣಿನ ಬದಲು ಮ್ಯಾಟು, ಅಷ್ಟೇ.

ಕಾಗದದ ಮೇಲೆ ಇದು ಎಲ್ಲಕ್ಕಿಂತ ಏಕಪಕ್ಷೀಯ ಆಟ. ಡ್ಯಾನ್ ಗೇಬಲ್ ಕೋಚ್ ಆಗಿದ್ದ 21 ಸೀಸನ್‌ಗಳಲ್ಲಿ ಐಯೋವಾ 15 ಸಲ ಗೆದ್ದಿತು, ಅದರಲ್ಲಿ 1978ರಿಂದ 1986ರವರೆಗೆ ಸತತ 9. ಈಗ ಪೆನ್ ಸ್ಟೇಟ್ ಸರದಿ. ಕಾಲೇಜಿನಲ್ಲಿ 159 ಪಂದ್ಯ ಆಡಿ ಒಂದನ್ನೂ ಸೋಲದ ಕೇಲ್ ಸ್ಯಾಂಡರ್ಸನ್ ಅಲ್ಲಿ ಕೋಚ್. 2011ರಿಂದ 2025ರೊಳಗೆ 12 ಚಾಂಪಿಯನ್‌ಶಿಪ್.

ಆದರೆ ಕಣಕ್ಕೆ ಇಳಿಯುವುದು ತಂಡವಲ್ಲ, ಒಬ್ಬ ಪೈಲ್ವಾನ. ತೂಕದ 10 ವಿಭಾಗ, ಒಂದೊಂದರಲ್ಲೂ ಒಂದು ಕಾಲೇಜಿನಿಂದ ಒಬ್ಬನೇ. 2025ರಲ್ಲಿ ಪೆನ್ ಸ್ಟೇಟಿನ ಹತ್ತೂ ಜನ ತಮ್ಮ ತಮ್ಮ ವಿಭಾಗದ ಮೊದಲ ಎಂಟರೊಳಗೆ ಬಂದರು. ತಂಡದ ಅಂಕಗಳಲ್ಲಿ ದಾಖಲೆ. ಆದರೂ ವೈಯಕ್ತಿಕ ಪ್ರಶಸ್ತಿ ಸಿಕ್ಕಿದ್ದು ಹತ್ತರಲ್ಲಿ ಎರಡೇ. ಉಳಿದ ಎಂಟು ಬೇರೆ ಆರು ಕಾಲೇಜುಗಳಿಗೆ ಹೋದವು. ಅದೇ ದಿನ ಹೆವಿವೇಟ್ ಫೈನಲ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಗೇಬಲ್ ಸ್ಟೀವ್‌ಸನ್ ಅವರನ್ನು ವಯಟ್ ಹೆಂಡ್ರಿಕ್ಸನ್ ಕೊನೆಯ ಸೆಕೆಂಡುಗಳಲ್ಲಿ ಹಿಡಿದು ಕೆಡವಿ ಗೆದ್ದುಬಿಟ್ಟರು. ಆ ರಾತ್ರಿ ತಂಡದ ಪಟ್ಟಿಯ ಕಡೆ ಯಾರ ಕಣ್ಣೂ ಇರಲಿಲ್ಲ ಅನ್ನಿಸುತ್ತದೆ.

ಕೊರತೆಯೂ ಇದೆ. ಮೇಲಿನ ದರ್ಜೆಯಲ್ಲಿ ಕುಸ್ತಿ ಇರುವ ಕಾಲೇಜುಗಳು 80ರ ಆಸುಪಾಸು ಮಾತ್ರ. ಎರಡೇ ಕಾಲೇಜುಗಳ ನಡುವಿನ ಮುಖಾಮುಖಿಯಲ್ಲಿ ಪೆನ್ ಸ್ಟೇಟ್ ಎದುರಾಳಿಗೆ ಉಸಿರಾಡಲೂ ಬಿಡುವುದಿಲ್ಲ. ಅಂಥ ಸಂಜೆಗೆ ಹೋಗಬೇಡಿ, ದೊಡ್ಡ ಟೂರ್ನಿಗೆ ಹೋಗಿ.

ಸಾಫ್ಟ್‌ಬಾಲ್, ಅಂದರೆ ಬೇಸ್‌ಬಾಲ್‌ನ ಹಾಗೆ ಬ್ಯಾಟು ಚೆಂಡು ಹಿಡಿದು ಹುಡುಗಿಯರು ಆಡುವ ಆಟ, ಅದರ ಬಗ್ಗೆ ಎರಡೇ ಮಾತು. 2021ರಿಂದ 2024ರವರೆಗೆ ಒಕ್ಲಹೋಮಾ ಸತತ ನಾಲ್ಕು ಗೆದ್ದಿತು, ಆ ಆಟದಲ್ಲಿ ಹಿಂದೆ ಯಾರೂ ಮಾಡಿರಲಿಲ್ಲ. 2025ರಲ್ಲಿ ಟೆಕ್ಸಸ್ ಕಪ್ ಕಿತ್ತುಕೊಂಡಿತು. ಕ್ರಿಕೆಟ್ ಕಣ್ಣಿಗೆ ಬೇಗ ಹೊಂದಿಕೊಳ್ಳುವ ಆಟ. ಬೇಸಿಗೆಯಲ್ಲಿ ಅಲ್ಲಿಗೆ ಹೋಗುವ ಅಪ್ಪ ಅಮ್ಮಂದಿರಿಗೆ ಹೇಳಿ ಮಾಡಿಸಿದ ಹಾಗಿದೆ. ಫೈನಲ್ ಹಂತ ಜೂನ್ ಮೊದಲ ವಾರದ ಹೊತ್ತಿಗೆ ನಡೆಯುತ್ತದೆ.

ಹಾಗಾದರೆ ನಿಮಗೆ ಯಾವುದು?

ಅಲ್ಲೇ ಇದ್ದು, ದುಡ್ಡಿನ ಚಿಂತೆ ಇಲ್ಲದಿದ್ದರೆ, ಒಂದು ಶನಿವಾರವಾದರೂ ಫುಟ್‌ಬಾಲ್‌ಗೆ ಹೋಗಿ. ದೊಡ್ಡ ತಂಡಗಳ ಟಿಕೆಟ್, ಪಾರ್ಕಿಂಗ್, ಹೋಟೆಲ್ ಎಲ್ಲ ಸೇರಿ ಜೇಬು ಹಗುರ ಆಗುತ್ತದೆ. ಮಕ್ಕಳಿರುವ ಸಂಸಾರಕ್ಕೆ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ವಾಸಿ. ಸಾಮಾನ್ಯ ದಿನದ ಟಿಕೆಟ್ ಅಗ್ಗ, ಒಳಾಂಗಣ, ಎರಡು ಗಂಟೆಯಲ್ಲಿ ಮನೆಗೆ ಬರಬಹುದು. ಬಲಾಢ್ಯ ತಂಡ ಆಡುವ ದಿನ ಹೋಗುವುದಾದರೆ ಎದುರಾಳಿ ಯಾರು ಅಂತ ಮೊದಲು ನೋಡಿಕೊಳ್ಳಿ. ಸ್ಟೂಡೆಂಟ್ ಆಗಿದ್ದರೆ ಯೋಚಿಸುವುದೇ ಬೇಡ. ನಿಮ್ಮ ಕಾಲೇಜು ಯಾವುದರಲ್ಲಿ ಚೆನ್ನಾಗಿದೆಯೋ ಅದನ್ನೇ ಹಿಡಿಯಿರಿ. ಸ್ವಂತ ತಂಡ ವರ್ಷಾ ವರ್ಷಾ ಗೆಲ್ಲುತ್ತಿದ್ದರೆ ಡೈನಾಸ್ಟಿ ಬಗ್ಗೆ ಯಾರಿಗೂ ದೂರು ಇರುವುದಿಲ್ಲ, ಗಮನಿಸಿದ್ದೇನೆ.

ಅನಿರೀಕ್ಷಿತವೇ ಬೇಕು ಅನ್ನುವವರಿಗೆ ಪುರುಷರ ಬ್ಯಾಸ್ಕೆಟ್‌ಬಾಲ್. ಅದರಲ್ಲೂ ಟೂರ್ನಿಯ ಮೊದಲ ಎರಡು ದಿನ. ಒಂದೇ ತಂಡದ ಬೆನ್ನು ಹತ್ತಿ, ಅದು ಹೇಗೆ ಬೆಳೆಯಿತು, ಯಾವಾಗ ಬೀಳುತ್ತದೆ ಅಂತ ಧಾರಾವಾಹಿಯ ಹಾಗೆ ನೋಡುವವರಿಗೆ ಮಹಿಳೆಯರದ್ದು. ತಂಡಗಳ ಗೊಡವೆಯೇ ಬೇಡ, ಇಬ್ಬರ ನಡುವಿನ ಜಿದ್ದು ಸಾಕು ಅಂದರೆ ಕುಸ್ತಿ.

ಇಲ್ಲಿಂದ ನೋಡುವವರು ಗಡಿಯಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫುಟ್‌ಬಾಲ್‌ನ ಶನಿವಾರದ ಮೊದಲ ಪಂದ್ಯಗಳು ಪೂರ್ವ ಅಮೆರಿಕದ ಮಧ್ಯಾಹ್ನ 12ಕ್ಕೆ ಶುರು. ನಮಗೆ ರಾತ್ರಿ 9.30, ನವೆಂಬರ್‌ನಲ್ಲಿ ಅವರ ಗಡಿಯಾರ ಬದಲಾದ ಮೇಲೆ 10.30. ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಫೈನಲ್‌ಗಳು ನಮ್ಮ ಮಂಗಳವಾರ ಬೆಳಗ್ಗೆ ಕಾಫಿ ಹೊತ್ತಿಗೆ ಬರುತ್ತವೆ. ಮಹಿಳೆಯರ ಫೈನಲ್ ಭಾನುವಾರ ನಡುರಾತ್ರಿ ದಾಟಿದ ಮೇಲೆ. ಸೋಮವಾರ ಆಫೀಸಿಗೆ ಹೋಗುವವರಿಗೆ ಕಷ್ಟ.

ಯಾವುದೂ ತೀರ್ಮಾನ ಆಗಲಿಲ್ಲವೇ? ಮಾರ್ಚ್ ಮೂರನೇ ವಾರದವರೆಗೆ ಕಾಯಿರಿ. ಕುಸ್ತಿಯ ಚಾಂಪಿಯನ್‌ಶಿಪ್, ಎರಡೂ ಬ್ಯಾಸ್ಕೆಟ್‌ಬಾಲ್ ಟೂರ್ನಿಗಳ ಮೊದಲ ಸುತ್ತು ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರುತ್ತವೆ. ಗುರುವಾರ ರಾತ್ರಿ ಊಟ ಮುಗಿಸಿ ಕೂತರೆ ಮೊದಲ ಪಂದ್ಯ ಆಗಷ್ಟೇ ಶುರುವಾಗಿರುತ್ತದೆ.